ವಿದೇಶದಲ್ಲಿ ಅಲ್ಲಿಯ ಸಿಮ್ ಹಾಕಿಕೊಂಡರೆ ನಮ್ಮ ನಂಬರಿಗೆ ಒಟಿಪಿ ಬರುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಸಿಂಗಪುರ, ಮಲೇಷ್ಯಾಕ್ಕೆ ಹೊರಟಿದ್ದೇವೆ. ರೋಮಿಂಗ್ ದುಬಾರಿ, ಅಲ್ಲಿಯ ಸಿಮ್ಮೇ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿಯ ಸಿಮ್ ಹಾಕಿದರೆ ಬ್ಯಾಂಕಿನ ಒಟಿಪಿ ಬರುತ್ತಾ? ವಾಟ್ಸಾಪ್ ನಂಬರ್ ಬದಲಾಗಿಬಿಡುತ್ತಾ?

ಉತ್ತರ: ಒಟಿಪಿ ಬರುತ್ತದೆ. ವಾಟ್ಸಾಪ್ ನಂಬರೂ ಬದಲಾಗುವುದಿಲ್ಲ. ಆದರೆ ಒಂದು ಷರತ್ತಿದೆ. ನಿಮ್ಮ ಭಾರತದ ಸಿಮ್ ಫೋನಿನೊಳಗೇ ಇರಬೇಕು, ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಅಲ್ಲಿಯ ಸಿಮ್ ಅದರ ಪಕ್ಕದಲ್ಲಿ ಕೂರಬೇಕೇ ಹೊರತು ಅದರ ಜಾಗದಲ್ಲಿ ಅಲ್ಲ. ಇಂಟರ್ನೆಟ್ ಹೊಸ ಸಿಮ್ಮಿನಿಂದ, ಒಟಿಪಿ ಹಳೆಯ ಸಿಮ್ಮಿಗೆ. ಇಷ್ಟು ಸರಿಯಾಗಿ ಹೊಂದಿಸಿಕೊಂಡರೆ ಪ್ರವಾಸದ ಫೋನ್ ಚಿಂತೆ ಮುಕ್ಕಾಲು ಪಾಲು ಮುಗಿದ ಹಾಗೆ.

ತುಂಬ ಜನ ವಿಮಾನ ಇಳಿದ ಕೂಡಲೇ ಹಳೆಯ ಸಿಮ್ ತೆಗೆದು ಪರ್ಸಿಗೆ ಹಾಕಿಬಿಡುತ್ತಾರೆ. ಬಿಲ್ ಏರಿಬಿಡುತ್ತದೆ ಎಂಬ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ, ರೋಮಿಂಗ್ ಡೇಟಾದಿಂದ ಕೈ ಸುಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಆದರೆ ಬಿಲ್ ಏರಿಸುವುದು ಸಿಮ್ ಅಲ್ಲ, ಅದರ ಮೂಲಕ ಹರಿಯುವ ಡೇಟಾ ಮತ್ತು ನೀವು ಎತ್ತುವ ಕರೆಗಳು. ಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ರೋಮಿಂಗ್‌ನಲ್ಲೂ ದುಡ್ಡು ಹಿಡಿಯುವುದಿಲ್ಲ.

ಒಟಿಪಿ ಅಷ್ಟು ದೂರ ಹೇಗೆ ತಲುಪುತ್ತದೆ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಫೋನ್ ಆನ್ ಮಾಡುತ್ತೀರಿ. ನಿಮ್ಮ ಭಾರತದ ಸಿಮ್ ಅಲ್ಲಿಯ ಒಂದು ಕಂಪನಿಯ ನೆಟ್‌ವರ್ಕ್‌ಗೆ ಸೇರಿಕೊಳ್ಳುತ್ತದೆ. ಆ ಕಂಪನಿ ತಕ್ಷಣ ಭಾರತದ ನಿಮ್ಮ ಕಂಪನಿಗೆ ಸುದ್ದಿ ಮುಟ್ಟಿಸುತ್ತದೆ: ಈ ನಂಬರ್ ಈಗ ನಮ್ಮಲ್ಲಿದೆ. ಆಮೇಲೆ ಬ್ಯಾಂಕ್ ಕಳಿಸಿದ ಒಟಿಪಿ ಮೊದಲು ನಿಮ್ಮ ಕಂಪನಿಗೆ ಬಂದು, ಅಲ್ಲಿಂದ ಸಿಂಗಪುರದ ಆ ನೆಟ್‌ವರ್ಕ್ ಮೂಲಕ ನಿಮ್ಮ ಫೋನಿಗೆ ಬರುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ. ಸಿಮ್ ನೆಟ್‌ವರ್ಕ್ ಹಿಡಿದಿದ್ದರೆ ಸಾಕು. ಸಿಮ್ ಪರ್ಸಿನಲ್ಲಿದ್ದರೆ ಮಾತ್ರ ಒಟಿಪಿ ಎಲ್ಲಿಗೂ ಬರುವುದಿಲ್ಲ.

ಹೊರಡುವ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸಗಳಿವೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಮಾಡಿಸುವುದು. ಪ್ಯಾಕ್ ಹಾಕಿಸುವುದು ಬೇರೆ, ಸೇವೆ ಚಾಲೂ ಇರುವುದು ಬೇರೆ. ಕೆಲವು ಪ್ರೀಪೇಯ್ಡ್ ನಂಬರುಗಳಲ್ಲಿ ಯಾವುದಾದರೂ ಸಣ್ಣ ರೋಮಿಂಗ್ ರೀಚಾರ್ಜ್ ಮಾಡಿಸದೆ ಸೇವೆಯೇ ಶುರುವಾಗುವುದಿಲ್ಲ. ಕಂಪನಿಯ ಆ್ಯಪ್‌ನಲ್ಲಿ ನೋಡಿ, ಇಲ್ಲವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನೇರವಾಗಿ ಕೇಳಿ: "ನನಗೆ ಬರೀ ಎಸ್ಸೆಮ್ಮೆಸ್ ಬಂದರೆ ಸಾಕು, ಅದಕ್ಕೆ ಕನಿಷ್ಠ ಏನು ಮಾಡಬೇಕು?" ಹಾಗೆಯೇ ನಿಮ್ಮ ಮಾಮೂಲಿ ರೀಚಾರ್ಜ್‌ನ ವ್ಯಾಲಿಡಿಟಿ ವಾಪಸ್ ಬರುವ ದಿನದವರೆಗೂ ಇರಲಿ.

ಆಮೇಲೆ ಸ್ಲಾಟ್ ನೋಡಿಕೊಳ್ಳಿ. ನಮ್ಮಲ್ಲಿ ಮಾರುವ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲು ಎರಡು ಸಿಮ್ಮಿನವು. ಆದರೆ ಕೆಲವದರಲ್ಲಿ ಎರಡನೇ ಜಾಗ ಸಿಮ್ ಅಥವಾ ಮೆಮೊರಿ ಕಾರ್ಡ್, ಯಾವುದಾದರೂ ಒಂದಕ್ಕೆ ಮಾತ್ರ. ಅಲ್ಲಿ ಮೆಮೊರಿ ಕಾರ್ಡ್ ಕೂತಿದ್ದರೆ ಫೋಟೋಗಳನ್ನು ಬೇರೆ ಕಡೆ ಉಳಿಸಿ ಕಾರ್ಡ್ ತೆಗೆದಿಡಿ. ಎರಡೂ ಸ್ಲಾಟಿನಲ್ಲಿ ಭಾರತದ ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರನ್ನು ಉಳಿಸಿ ಇನ್ನೊಂದನ್ನು ತೆಗೆಯಿರಿ.

ಐಫೋನಿನಲ್ಲಿ 2018ರ ಟೆನ್‌ಎಸ್, ಟೆನ್‌ಆರ್ ಮಾದರಿಗಳಿಂದ ಈಚೆಗೆ ಇ-ಸಿಮ್ ಸೌಲಭ್ಯ ಇದೆ, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್. ಪ್ಲಾಸ್ಟಿಕ್ ಸಿಮ್ ನಮ್ಮದು, ಇ-ಸಿಮ್ ಅಲ್ಲಿಯದು ಅಂತ ಮಾಡಿಕೊಳ್ಳಬಹುದು. ಇದಕ್ಕೋಸ್ಕರ ನಿಮ್ಮ ಭಾರತದ ನಂಬರನ್ನೇ ಇ-ಸಿಮ್ ಮಾಡಿಸುವ ಯೋಚನೆ ಇದ್ದರೆ ಹೊರಡುವ ಹಿಂದಿನ ದಿನ ಮಾಡಬೇಡಿ. ಸಿಮ್ ಬದಲಾದ ಮೇಲೆ ವಂಚನೆ ತಡೆಯಲು 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುತ್ತಾರೆ. ಒಂದೆರಡು ವಾರ ಮೊದಲೇ ಮುಗಿಸಿ. ಮತ್ತೆ, ಊರು ಬಿಟ್ಟ ಮೇಲೆ ಆ ಇ-ಸಿಮ್ಮನ್ನು ಅಪ್ಪಿತಪ್ಪಿಯೂ ಡಿಲೀಟ್ ಮಾಡಬೇಡಿ. ಅಲ್ಲಿ ಕೂತು ಅದನ್ನು ಮತ್ತೆ ತರಿಸಿಕೊಳ್ಳುವುದು ದೊಡ್ಡ ತಲೆನೋವು.

ಇನ್ನು ಸಿಂಗಪುರದ ವಿಷಯ. ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ1 ಕಂಪನಿಗಳ ಪ್ರೀಪೇಯ್ಡ್ ಸಿಮ್‌ಗಳು ಸುಲಭವಾಗಿ ಸಿಗುತ್ತವೆ. ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸುವ ಕೌಂಟರುಗಳಲ್ಲೂ ಮಾರುತ್ತಾರೆ. ಪಾಸ್‌ಪೋರ್ಟ್ ತೋರಿಸಲೇಬೇಕು, ಅವರು ಅದನ್ನು ಸ್ಕ್ಯಾನ್ ಮಾಡಿಕೊಳ್ಳುತ್ತಾರೆ. ಸಿಮ್ ಹಾಕಿದ ಮೇಲೆ ಕೌಂಟರ್ ಬಿಟ್ಟು ಓಡಬೇಡಿ. ವೈಫೈ ಆಫ್ ಮಾಡಿ ಯಾವುದಾದರೂ ವೆಬ್‌ಸೈಟ್ ತೆರೆದು ನೋಡಿ. ತೆರೆಯದಿದ್ದರೆ ಅಲ್ಲೇ ಹೇಳಿ, ಸರಿ ಮಾಡಿಕೊಡುತ್ತಾರೆ. ಹೋಟೆಲ್ ಸೇರಿದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಈಗ ಸೆಟ್ಟಿಂಗ್ಸ್. ಇಡೀ ಲೆಕ್ಕ ನಿಂತಿರುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಓದಿ. ಮೊಬೈಲ್ ಡೇಟಾ ಯಾವ ಸಿಮ್ಮಿನಿಂದ ಅಂತ ಕೇಳುವ ಕಡೆ ಹೊಸ ಸಿಮ್ ಆರಿಸಿ. ಭಾರತದ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿ. ಡೇಟಾ ರೋಮಿಂಗ್ ಮಾತ್ರ, ಸಿಮ್ಮನ್ನಲ್ಲ! ಇನ್ನೊಂದು ಆಯ್ಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಸಿಮ್ಮಿನ ಸಿಗ್ನಲ್ ಕಡಿಮೆಯಾದರೆ ಫೋನ್ ತಾನೇ ಇನ್ನೊಂದಕ್ಕೆ ಡೇಟಾ ಬದಲಾಯಿಸಿಕೊಳ್ಳುವ ಸೌಲಭ್ಯ ಅದು. ಐಫೋನಿನಲ್ಲೂ ಇದೆ, ಸ್ಯಾಮ್‌ಸಂಗ್‌ನಂಥ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಪ್ರವಾಸ ಮುಗಿಯುವವರೆಗೆ ಅದು ಆಫ್ ಇರಲಿ.

ಸಿಂಗಪುರದ ಹಲವು ಟೂರಿಸ್ಟ್ ಸಿಮ್‌ಗಳಲ್ಲಿ ಮಲೇಷ್ಯಾದಲ್ಲಿ ಬಳಸುವ ಡೇಟಾ ಕೂಡ ಸೇರಿರುತ್ತದೆ. ಕೊಳ್ಳುವಾಗ ಕೇಳಿ ಅಂಥದ್ದೇ ತಗೊಳ್ಳಿ. ಮಲೇಷ್ಯಾ ಗಡಿ ದಾಟಿದ ಮೇಲೆ ಆ ಸಿಮ್ಮಿಗೆ ಡೇಟಾ ರೋಮಿಂಗ್ ಆನ್ ಮಾಡಬೇಕು, ಏಕೆಂದರೆ ಸಿಂಗಪುರದ ಸಿಮ್ಮಿಗೆ ಅದು ಹೊರದೇಶ. ಭಾರತದ ಸಿಮ್ಮಿಗೆ ಆಫ್, ಸಿಂಗಪುರದ ಸಿಮ್ಮಿಗೆ ಆನ್. ಈ ಎರಡನ್ನು ಅದಲು ಬದಲು ಮಾಡಿಕೊಳ್ಳಬೇಡಿ.

ಭಾರತದ ನಂಬರಿಗೆ ಕರೆ ಬಂದರೆ? ರೋಮಿಂಗ್ ಪ್ಯಾಕ್ ಇಲ್ಲದಿದ್ದರೆ ಎತ್ತಬೇಡಿ. ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಯಾರು ಅಂತ ನೋಡಿ ವಾಟ್ಸಾಪ್‌ನಿಂದ ವಾಪಸ್ ಮಾಡಿ. ಹೊಸ ಸಿಮ್ಮಿನಿಂದ ಮಾಮೂಲಿ ಕರೆ ಮಾಡುವುದಿದ್ದರೆ ನಂಬರುಗಳು +91 ಸೇರಿಸಿ ಸೇವ್ ಆಗಿರಬೇಕು. ಬರೀ ಹತ್ತು ಅಂಕಿ ಒತ್ತಿದರೆ ಆ ಫೋನ್ ಅದನ್ನು ಸಿಂಗಪುರದ ನಂಬರ್ ಅಂತಲೇ ತಿಳಿಯುತ್ತದೆ. ಮನೆಯವರದ್ದು, ಡಾಕ್ಟರದ್ದು, ಬ್ಯಾಂಕಿನದ್ದು, ಇಷ್ಟನ್ನಾದರೂ ಈಗಲೇ ತಿದ್ದಿಡಿ.

ವಾಟ್ಸಾಪ್ ಯಾವ ಸಿಮ್ಮಿನ ಡೇಟಾ ಅಂತ ನೋಡುವುದಿಲ್ಲ, ನೀವು ನೋಂದಾಯಿಸಿದ ನಂಬರನ್ನೇ ಹಿಡಿದುಕೊಂಡಿರುತ್ತದೆ. ಹೊಸ ಸಿಮ್ ಹಾಕಿದಾಗ ನಂಬರ್ ಬದಲಿಸುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಅಷ್ಟೇ. ಆದರೆ ಇಲ್ಲೂ ಹಳೆಯ ಸಿಮ್ ಫೋನಿನಲ್ಲೇ ಇರುವುದು ಒಳ್ಳೆಯದು. 2025ರ ನವೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪ್‌ಗಳಿಗೆ ಒಂದು ಆದೇಶ ಹೊರಡಿಸಿತು. ಖಾತೆ ಯಾವ ನಂಬರಿನದೋ ಆ ಸಿಮ್ ಫೋನಿನಲ್ಲಿದ್ದರೆ ಮಾತ್ರ ಆ್ಯಪ್ ನಡೆಯಬೇಕು ಎನ್ನುವುದು ಅದರ ತಿರುಳು. ಸಿಮ್ ಫೋನಿನಲ್ಲಿದ್ದು ರೋಮಿಂಗ್‌ನಲ್ಲಿ ಇರುವವರಿಗೆ ತೊಂದರೆ ಇಲ್ಲ ಅಂತ ಸರ್ಕಾರವೇ ಸ್ಪಷ್ಟಪಡಿಸಿದೆ. ಯುಪಿಐ ಆ್ಯಪ್‌ಗಳದ್ದೂ ಇದೇ ಗುಣ. ಸಿಮ್ ತೆಗೆದರೆ ಕೆಲವು ಆ್ಯಪ್‌ಗಳು ಮತ್ತೆ ನಂಬರ್ ಪರಿಶೀಲನೆ ಕೇಳುತ್ತವೆ. ಅದಕ್ಕೆ ಫೋನ್ ಆ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಕಳಿಸಬೇಕು. ಹೊರದೇಶದಲ್ಲಿ ನಿಂತು ಆ ಪಾಡು ಬೇಡ, ಅಲ್ವಾ?

ಸಿಂಗಪುರ, ಮಲೇಷ್ಯಾದಲ್ಲಿ ಟ್ಯಾಕ್ಸಿಗೆ ಗ್ರ್ಯಾಬ್ ಆ್ಯಪ್ ಬೇಕಾಗುತ್ತದೆ. ಅದನ್ನು ಇಲ್ಲೇ ಹಾಕಿಕೊಂಡು ಭಾರತದ ನಂಬರಿನಿಂದಲೇ ನೋಂದಣಿ ಮುಗಿಸಿ.

ನಿಮ್ಮ ಜೊತೆ ಹಿರಿಯರು ಬರುತ್ತಿದ್ದು, ಅವರ ಕೈಯಲ್ಲಿ ಹಳೆಯ ಕೀಪ್ಯಾಡ್ ಫೋನ್ ಇದ್ದರೆ ಅದು ಸಿಂಗಪುರದಲ್ಲಿ ಸತ್ತ ಹಾಗೆಯೇ. ಸಿಂಗಪುರ 2017ರಲ್ಲಿ 2ಜಿ ಮುಚ್ಚಿತು, 2024ರಲ್ಲಿ 3ಜಿಯನ್ನೂ ಮುಚ್ಚಿತು. ಅವರ ಬ್ಯಾಂಕ್ ನಂಬರ್ ಆ ಫೋನಿನಲ್ಲಿದ್ದರೆ ಆ ಸಿಮ್ಮನ್ನು 4ಜಿ ಫೋನಿಗೆ ಹಾಕಿಕೊಂಡು ಹೋಗಿ.

ಇದೇ ಪ್ರಶ್ನೆಯನ್ನು ಅಮೆರಿಕಕ್ಕೆ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅವರ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ. ಅವರು ಇರುವುದು ವಾರವಲ್ಲ, ಐದಾರು ತಿಂಗಳು. ಪಿಂಚಣಿ, ಠೇವಣಿ, ಮನೆ ಕರೆಂಟ್ ಬಿಲ್ ಎಲ್ಲ ಆ ಒಂದು ನಂಬರಿಗೆ ಗಂಟು ಬಿದ್ದಿರುತ್ತದೆ. ನಡುವೆ ರೀಚಾರ್ಜ್ ಮುಗಿದು ಎಸ್ಸೆಮ್ಮೆಸ್ ನಿಂತರೆ, ರೀಚಾರ್ಜ್ ಮಾಡಲು ಕಾರ್ಡ್ ಕೇಳುವ ಒಟಿಪಿ ಕೂಡ ಬರುವುದಿಲ್ಲ! 90 ದಿನ ಏನೂ ಬಳಕೆ ಇಲ್ಲದೆ ಬಿದ್ದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಲೂಬಹುದು. ಹಾಗಾಗಿ ವರ್ಷದ ಪ್ಲಾನ್ ಹಾಕಿಸಿಕೊಂಡು ಹೋಗುವುದು ಒಳ್ಳೆಯದು. ಊರಿನಲ್ಲಿರುವ ಯಾರಾದರೂ ನಂಬಿಕಸ್ಥರಿಗೆ ನಂಬರ್ ಕೊಟ್ಟು ರೀಚಾರ್ಜ್ ನೋಡಿಕೊಳ್ಳಲು ಹೇಳಿದರೂ ಆಯಿತು.

ಅಮೆರಿಕದ್ದೇ ಎರಡು ತೊಡಕುಗಳಿವೆ. ಅಲ್ಲಿ 3ಜಿ 2022ರಲ್ಲೇ ನಿಂತಿತು. ಎಟಿ ಅಂಡ್ ಟಿ ಕಂಪನಿ ತಾನು ಒಪ್ಪಿದ ಫೋನ್ ಮಾದರಿಗಳ ಪಟ್ಟಿ ಇಟ್ಟುಕೊಂಡಿದೆ, ನಮ್ಮಲ್ಲಿ ಕೊಂಡ ಎಷ್ಟೋ ಫೋನುಗಳು ಅದರಲ್ಲಿಲ್ಲ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಅದನ್ನು ಮಕ್ಕಳಿಗೆ ಕಳಿಸಿ, ಅಲ್ಲಿಯ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲಿ. ಎರಡನೆಯದು, ಮಗಳೋ ಮಗನೋ ಪ್ರೀತಿಯಿಂದ ಕೊಡುವ ಐಫೋನು. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಟ್ರೇಯೇ ಇಲ್ಲ. ಭಾರತದ ಪ್ಲಾಸ್ಟಿಕ್ ಸಿಮ್ ಅದಕ್ಕೆ ಹೋಗುವುದಿಲ್ಲ. ಹೊಸ ಫೋನ್ ಬಳಸಿ, ಸಂತೋಷ. ಆದರೆ ಹಳೆಯ ಫೋನನ್ನು ಭಾರತದ ಸಿಮ್ ಸಮೇತ ಚಾರ್ಜ್ ಮಾಡಿಟ್ಟುಕೊಳ್ಳಿ.

ಬೇರೆ ಕಡೆಯ ಮಾತು ಚುಟುಕಾಗಿ. ಯುರೋಪಿನ ಒಕ್ಕೂಟದ ಒಂದು ದೇಶದಲ್ಲಿ ಕೊಂಡ ಸಿಮ್ 2017ರ ಜೂನ್‌ನಿಂದ ಉಳಿದ ಸದಸ್ಯ ದೇಶಗಳಲ್ಲೂ ಹೆಚ್ಚುವರಿ ದರ ಇಲ್ಲದೆ ನಡೆಯುತ್ತದೆ. ಪ್ಯಾರಿಸ್‌ನಲ್ಲಿ ಕೊಂಡದ್ದು ರೋಮ್‌ನಲ್ಲೂ ಆಗುತ್ತದೆ. ಸ್ವಿಟ್ಜರ್ಲೆಂಡ್ ಮಾತ್ರ ಆ ಒಕ್ಕೂಟದಲ್ಲಿಲ್ಲ. ನಮ್ಮವರ ಯುರೋಪ್ ಟೂರಿನಲ್ಲಿ ಅದು ಇದ್ದೇ ಇರುತ್ತದಲ್ಲ, ಹಾಗಾಗಿ ಪ್ಯಾಕಿನಲ್ಲಿ ಆ ಹೆಸರು ಇದೆಯೇ ಅಂತ ನೋಡಿಯೇ ಕೊಳ್ಳಿ. ದುಬೈಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಇದು ಹೊಸ ಸುದ್ದಿಯಲ್ಲ, ಅಲ್ಲಿ ಬಾಟಿಮ್‌ನಂಥ ಅನುಮತಿ ಇರುವ ಆ್ಯಪ್ ಬಳಸುತ್ತಾರೆ. ಜಪಾನಿನಲ್ಲಿ ಪ್ರವಾಸಿಗರಿಗೆ ಸಿಗುವ ಸಿಮ್ ಬಹುತೇಕ ಡೇಟಾದ್ದು ಮಾತ್ರ, ಅಲ್ಲಿಯ ಫೋನ್ ನಂಬರ್ ಸಿಗುತ್ತದೆ ಅಂದುಕೊಳ್ಳಬೇಡಿ.

ಚೀನಾದಲ್ಲಿ ನನ್ನ ಸಲಹೆಯೇ ತಿರುಗುಮುರುಗು. ಅಲ್ಲಿ ಸ್ಥಳೀಯ ಸಿಮ್ ಹಾಕಿದರೆ ಗೂಗಲ್, ವಾಟ್ಸಾಪ್ ಎರಡೂ ಬಂದ್. ರೋಮಿಂಗ್ ಡೇಟಾ ಹಾಗಲ್ಲ. ಅದು ಚೀನಾದ ಟವರ್ ಬಳಸಿದರೂ ನಿಮ್ಮ ಕಂಪನಿಯ ಮೂಲಕವೇ ಇಂಟರ್ನೆಟ್ ಸೇರುತ್ತದೆ. ಗುವಾಂಗ್‌ಝೌಗೆ ವ್ಯಾಪಾರಕ್ಕೆ ಹೋಗುವವರು ಭಾರತದ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದೇ ಮೇಲು. ಎಲ್ಲಿಗೇ ಆದರೂ ಎರಡು ಮೂರು ದಿನದ ಮಟ್ಟಿಗೆ ಹೋಗಿ ಬರುವವರಿಗೂ ಅದೇ ಸುಲಭ. ಸ್ವಲ್ಪ ದುಡ್ಡು ಉಳಿಸಲು ಅರ್ಧ ದಿನ ಕೌಂಟರ್ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿಂದಲೇ ಪ್ರವಾಸಿ ಇ-ಸಿಮ್ ಕೊಂಡು ಹೋಗಬಹುದೇ ಅಂತಲೂ ಕೇಳುತ್ತಾರೆ. ಹೋಗಬಹುದು. ಆದರೆ ಭಾರತದಲ್ಲಿ ವಿದೇಶಿ ಸಿಮ್ ಮಾರಲು ಸರ್ಕಾರದ ಅನುಮತಿ ಬೇಕು. ಅದಿಲ್ಲದ ಕಾರಣಕ್ಕೆ 2024ರ ಜನವರಿಯಲ್ಲಿ ಐರಾಲೋ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿಯ ಆ್ಯಪ್ ಸ್ಟೋರುಗಳಿಂದ ತೆಗೆಸಲಾಯಿತು. ಅನುಮತಿ ಇರುವವರಿಂದಲೇ ಕೊಳ್ಳಿ.

ವಾಪಸ್ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಅಲ್ಲಿಯ ನಂಬರ್ ಕೊಟ್ಟು ಯಾವುದಾದರೂ ಖಾತೆ ತೆರೆದಿದ್ದರೆ ಅದರಲ್ಲಿ ನಿಮ್ಮ ಭಾರತದ ನಂಬರ್ ಹಾಕಿ, ಇಲ್ಲವೇ ಖಾತೆ ಮುಚ್ಚಿ. ಪ್ರೀಪೇಯ್ಡ್ ನಂಬರಿನ ಅವಧಿ ಮುಗಿದ ಮೇಲೆ ಕಂಪನಿ ಅದನ್ನು ಇನ್ನೊಬ್ಬರಿಗೆ ಕೊಡುತ್ತದೆ. ಆಗ ಆ ಖಾತೆಯ ಒಟಿಪಿ ಅವರ ಫೋನಿಗೆ ಹೋಗುತ್ತದೆ.