ಸ್ತ್ರೀವಾದಿ ಪ್ರತಿಭಟನೆ ಮತ್ತು ಜಾಲತಾಣಗಳ ಧ್ರುವೀಕರಣ: ಸಮಾಜಶಾಸ್ತ್ರದ ಟಿಪ್ಪಣಿ

ಧಾರವಾಡದ ಸಪ್ತಾಪುರದ ವಾಚನಾಲಯಗಳಲ್ಲಿ ಸಮಾಜಶಾಸ್ತ್ರದ ಲಿಖಿತ ಪರೀಕ್ಷೆಗಳಿಗೆ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ಧ್ರುವೀಕರಣದ, ಅಂದರೆ ಸಮಾಜ ಎರಡು ಎದುರು ಬಣಗಳಾಗಿ ಒಡೆಯುವುದರ, ವಿಸ್ತಾರವಾದ ವ್ಯಾಖ್ಯೆ ಎಲ್ಲ ಗೈಡುಗಳಲ್ಲಿಯೂ ಇರುವುದರಿಂದ ಅದನ್ನು ಬಿಟ್ಟಿದ್ದೇನೆ.

ವೈಚಾರಿಕ ಧ್ರುವೀಕರಣದಲ್ಲಿ ಅಭಿಪ್ರಾಯಗಳು ದೂರವಾಗುತ್ತವೆ. ಭಾವನಾತ್ಮಕ ಧ್ರುವೀಕರಣದಲ್ಲಿ ಎದುರು ಬಣದವರ ಮೇಲಿನ ಅಸಹನೆ ಬೆಳೆಯುತ್ತದೆ. ರಾಜ್ಯಶಾಸ್ತ್ರಜ್ಞ ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕದ ಪಕ್ಷ ರಾಜಕೀಯವನ್ನು ಕುರಿತು ಈ ಭೇದವನ್ನು ಚರ್ಚಿಸಿದರು. ಭಾವನಾತ್ಮಕ ಧ್ರುವೀಕರಣವನ್ನು ಗುರುತಿಸಲು ನನ್ನದೊಂದು ಸುಲಭೋಪಾಯವಿದೆ, ಅದನ್ನು ಉದಾಹರಣೆಯೊಂದರಿಂದ ಹೇಳುತ್ತೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ, ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ನಡೆಯುವ ಲೈಂಗಿಕ ಕಿರುಕುಳದ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿ ವಿಚಾರಿಸಬೇಕು. ಆ ಸಮಿತಿ ಸರಿಯಾಗಿ ಕೆಲಸ ಮಾಡಲಿ ಎಂದು ಮಹಿಳೆಯರು ಜಿಲ್ಲಾಧಿಕಾರಿ ಕಚೇರಿಯ ಎದುರು ಧರಣಿ ಕುಳಿತರು ಎಂದಿಟ್ಟುಕೊಳ್ಳೋಣ. ಅದರ ವಿಡಿಯೊದ ಕೆಳಗೆ ‘ಸಣ್ಣ ಅಂಗಡಿಯ ಕೆಲಸಗಾರ್ತಿ ದೂರನ್ನು ಎಲ್ಲಿ ಕೊಡಬೇಕು?’ ಎಂದು ಯಾರಾದರೂ ಕೇಳಿದ್ದರೆ ಪಕ್ಕದಲ್ಲಿ ‘ಬೇ’ ಎಂದು ಗುರುತಿಸಿ. ‘ಇವ್ರಿಗೆ ಮನ್ಯಾಗ ಕೆಲ್ಸಾ ಇಲ್ಲೇನು?’ ಎಂದಿದ್ದರೆ ‘ವ್ಯ’ ಎಂದು ಗುರುತಿಸಿ. ಮೊದಲನೆಯದು ಬೇಡಿಕೆಯ ಚರ್ಚೆ, ಎರಡನೆಯದು ವ್ಯಕ್ತಿಯ ಚರ್ಚೆ. ‘ವ್ಯ’ ಹೆಚ್ಚಾದಷ್ಟೂ ಭಾವನಾತ್ಮಕ ಧ್ರುವೀಕರಣ ಗಾಢವಾಗಿದೆ ಎಂದು ಧೈರ್ಯವಾಗಿ ಬರೆಯಬಹುದು. ಧರಣಿಯನ್ನು ಬೆಂಬಲಿಸುವವರ ಬೈಗುಳಕ್ಕೂ ಇದೇ ಅಳತೆ ಎಂಬುದನ್ನು ಮರೆಯಬಾರದು.

ಇನ್ನು ನಿಜವಾದ ತೊಡಕು. ‘ಜನರು ತಮ್ಮ ಬಣದ ಮಾತನ್ನೇ ಕೇಳುತ್ತಾರೆ, ಆದ್ದರಿಂದ ಎದುರು ಪಕ್ಷದ ಮಾತನ್ನು ತೋರಿಸಿದರೆ ಒಡಕು ಕಡಿಮೆಯಾಗುತ್ತದೆ’ ಎಂದು ಹಲವು ನೋಟ್ಸ್‌ಗಳಲ್ಲಿದೆ. ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಬೇಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ವಿರುದ್ಧವಾಗಿದೆ. ಅವರು ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು, ಎದುರು ಪಕ್ಷದ ಸಂದೇಶಗಳನ್ನು ಹಂಚುವ ಖಾತೆಯೊಂದನ್ನು ಒಂದು ತಿಂಗಳು ಅನುಸರಿಸುವಂತೆ ಮಾಡಿದರು. ತಿಂಗಳ ಕೊನೆಗೆ ರಿಪಬ್ಲಿಕನ್ನರು ಇನ್ನಷ್ಟು ಸಂಪ್ರದಾಯವಾದಿಗಳಾಗಿದ್ದರು. ಡೆಮಾಕ್ರಾಟರಲ್ಲಿ ಕಂಡ ಸಣ್ಣ ಬದಲಾವಣೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾಗಿರಲಿಲ್ಲ. ಈ ಪ್ರಯೋಗ ಸ್ತ್ರೀವಾದವನ್ನು ಕುರಿತದ್ದಲ್ಲವಾದ್ದರಿಂದ, ಮುಂದಿನದನ್ನು ನನ್ನ ಊಹೆಯೆಂದೇ ಓದಿ: ಎದುರು ಪಕ್ಷದ ಮಾತು ನಮಗೆ ತಲುಪುವುದೇ ಇಲ್ಲ ಎನ್ನುವುದಕ್ಕಿಂತ, ಅದರಲ್ಲಿ ಅತ್ಯಂತ ಕೆರಳಿಸುವ ತುಣುಕು ಮಾತ್ರ, ಅದೂ ನಮ್ಮವರದೇ ಲೇವಡಿಯ ಒಕ್ಕಣೆಯೊಂದಿಗೆ ತಲುಪುತ್ತದೆ ಎನ್ನುವುದು ಹೆಚ್ಚು ಸರಿ.

ಪಾಕಿಸ್ತಾನದಲ್ಲಿ 2018ರ ಮಾರ್ಚ್ 8ರಂದು ಆರಂಭವಾದ ಔರತ್ ಮಾರ್ಚ್ ಎಂಬ ಮಹಿಳೆಯರ ಮೆರವಣಿಗೆ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂಸೆ, ದುಡಿಮೆ, ಕೂಲಿಗಳ ಕುರಿತ ಬೇಡಿಕೆಗಳು ಹಿಂದೆ ಸರಿದು, ‘ಖಾನಾ ಖುದ್ ಗರಂ ಕರ್ ಲೋ’, ಅಂದರೆ ಊಟವನ್ನು ನೀನೇ ಬಿಸಿ ಮಾಡಿಕೋ, ಎಂಬ ಒಂದು ಫಲಕವೇ ವಾಗ್ವಾದದ ಕೇಂದ್ರವಾಯಿತು. ಅಡುಗೆಮನೆಯ ದುಡಿಮೆಯೂ ಸ್ತ್ರೀವಾದದ ಗಂಭೀರ ವಿಷಯವೇ, ಆದರೆ ಫಲಕ ಹಿಡಿದವಳ ಸಂಸ್ಕಾರದ ಪ್ರಶ್ನೆ ಎದ್ದಾಗ ಆ ವಿಷಯವೂ ಮೂಲೆಗುಂಪಾಯಿತು.

ಭಾರತದ ಉದಾಹರಣೆ ಬೇಕೆನ್ನುವವರು ಲೈಂಗಿಕ ಕಿರುಕುಳದ ಆರೋಪ ಮಾಡಿ ಪ್ರತಿಭಟಿಸುತ್ತಿದ್ದು, 2023ರ ಮೇ 28ರಂದು ದೆಹಲಿಯಲ್ಲಿ ಪೊಲೀಸರ ವಶವಾದ ಮಹಿಳಾ ಕುಸ್ತಿಪಟುಗಳ ಚಿತ್ರವನ್ನು ಬಳಸಬಹುದು. ಪೊಲೀಸ್ ವಾಹನದಲ್ಲಿ ತೆಗೆದ ಆ ಚಿತ್ರವನ್ನು ತಿದ್ದಿ, ಅವರು ನಗುತ್ತಿರುವಂತೆ ಹರಡಲಾಯಿತು. ಇದನ್ನು ಸುಳ್ಳು ಸುದ್ದಿಯ ಉದಾಹರಣೆಯೆಂದಷ್ಟೇ ಬರೆದರೆ ಉತ್ತರ ಅರ್ಧವಾಗುತ್ತದೆ. ತಿದ್ದಿದವರು ಲೈಂಗಿಕ ಕಿರುಕುಳದ ಆರೋಪವನ್ನು ಮುಟ್ಟಲಿಲ್ಲ, ಆರೋಪಿಸಿದವರ ಮುಖವನ್ನು ಮಾತ್ರ ಬದಲಾಯಿಸಿದರು ಎಂಬ ಮಾತನ್ನು ಸೇರಿಸಿ, ಪಕ್ಕದಲ್ಲಿ ‘ವ್ಯ’ ಎಂದು ಗುರುತಿಸಿಕೊಳ್ಳಿ.