ಜೀನಿಯಸ್ ಅಂದ್ರೆ ಯಾರು? ಕಾಮನ್ ಸೆನ್ಸ್‌ಗೂ ಅದಕ್ಕೂ ಏನು ಸಂಬಂಧ?

ಕಾಮನ್ ಸೆನ್ಸ್ ಅನ್ನೋದನ್ನು ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ. ಸಾಮಾನ್ಯ ಜ್ಞಾನ ಅಂತ ತಕ್ಷಣ ಬಾಯಿಗೆ ಬರುತ್ತದೆ. ಆದರೆ ಆ ಪದ ಯಾವತ್ತೋ ಪರೀಕ್ಷೆಯ ಪುಸ್ತಕಗಳ ಪಾಲಾಗಿದೆ. ಎಫ್‌ಡಿಎ, ಎಸ್‌ಡಿಎಗೆ ಓದುವವರಿಗೆ ಸಾಮಾನ್ಯ ಜ್ಞಾನ ಅಂದ್ರೆ ದೇಶದ ರಾಜಧಾನಿ, ನದಿ, ಇಸವಿ. ಕಾಮನ್ ಸೆನ್ಸ್‌ಗೆ ನಾವು ಮನೆಯಲ್ಲಿ ಬಳಸುವ ಪದ ತಿಳುವಳಿಕೆ. "ಅಷ್ಟೂ ತಿಳುವಳಿಕೆ ಬೇಡ್ವಾ?" ಅಂತ ಅಮ್ಮ ಬೈಯುತ್ತಾಳಲ್ಲ, ಅದೇ. ಹಾಲು ಒಲೆ ಮೇಲಿಟ್ಟು ಫೋನ್ ಹಿಡಿದು ಆಚೆ ಹೋಗಬಾರದು. ಮೋಡ ಕಟ್ಟಿದರೆ ಒಣಗಿದ ಬಟ್ಟೆ ಎಳೆದುಕೊಳ್ಳಬೇಕು. ಸಾವಿನ ಮನೆಯಲ್ಲಿ ಜೋರಾಗಿ ಮಾತಾಡಬಾರದು. ಇದನ್ನೆಲ್ಲ ಯಾರೂ ಕೂರಿಸಿಕೊಂಡು ಪಾಠ ಹೇಳಿರುವುದಿಲ್ಲ, ಸುತ್ತಲಿನವರನ್ನು ನೋಡ್ತಾ ನೋಡ್ತಾ ಬಂದಿರುತ್ತದೆ.

ಜೀನಿಯಸ್‌ಗೆ ನಮ್ಮಲ್ಲಿ ಪ್ರತಿಭೆ ಅನ್ನುವ ಒಳ್ಳೆಯ ಪದ ಇದೆ. ಆದರೆ ಅದನ್ನೂ ಸಣ್ಣದು ಮಾಡಿಬಿಟ್ಟಿದ್ದೇವೆ. ಶಾಲೆಗಳಲ್ಲಿ ಪ್ರತಿಭಾ ಕಾರಂಜಿ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಪ್ರತಿಭಾ ಪುರಸ್ಕಾರ. ಮಕ್ಕಳು ವೇದಿಕೆ ಹತ್ತುವುದು ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಭಟ್ಟತೌತ ಅನ್ನುವ ಹಳೆಯ ವಿದ್ವಾಂಸ ಈ ಪದಕ್ಕೆ ಕೊಟ್ಟ ಅರ್ಥ ನೋಡಿ: ನವನವೋನ್ಮೇಷಶಾಲಿನೀ ಪ್ರಜ್ಞೆ. ಉನ್ಮೇಷ ಅಂದ್ರೆ ಕಣ್ಣು ತೆರೆಯುವುದು. ಮತ್ತೆ ಮತ್ತೆ ಹೊಸದಾಗಿ ಕಣ್ಣು ಬಿಡುವ ಬುದ್ಧಿ. ಎಷ್ಟು ಗೊತ್ತು ಅನ್ನೋ ಲೆಕ್ಕ ಇದರಲ್ಲಿಲ್ಲ, ಎಷ್ಟು ಬೇಗ ಉತ್ತರ ಕೊಟ್ಟೆ ಅನ್ನೋದೂ ಇಲ್ಲ.

ಜೀನಿಯಸ್ ಅನ್ನೋದು ಲ್ಯಾಟಿನ್ ಪದ. ಹಳೆಯ ರೋಮ್‌ನಲ್ಲಿ ಅದು ಮನುಷ್ಯನ ಗುಣವೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ಒಬ್ಬೊಬ್ಬನ ಜೊತೆಗಿರುವ ಕಾವಲು ದೇವತೆಯನ್ನು ಜೀನಿಯಸ್ ಅನ್ನುತ್ತಿದ್ದರು, ಹುಟ್ಟುಹಬ್ಬದ ದಿನ ಅದಕ್ಕೆ ಪೂಜೆ ಮಾಡುತ್ತಿದ್ದರು. ಆಗ ನಿಮಗೆ ಜೀನಿಯಸ್ ಇದೆ ಅನ್ನಬಹುದಿತ್ತು, ನೀವೇ ಜೀನಿಯಸ್ ಅನ್ನುವಂತಿರಲಿಲ್ಲ. ಮನುಷ್ಯನನ್ನೇ ಹಾಗೆ ಕರೆಯುವ ರೂಢಿ ಯುರೋಪಿನಲ್ಲಿ ಎಷ್ಟೋ ಶತಮಾನಗಳ ನಂತರ ಬಂತು.

ಈಗ ಎಲ್ಲರೂ ಹೇಳುವ ಮಾತಿಗೆ ಬರೋಣ. "ಅವನು ಜೀನಿಯಸ್, ಆದ್ರೆ ಕಾಮನ್ ಸೆನ್ಸ್ ಇಲ್ಲ." ಓದಿ ಓದಿ ಮರುಳಾದ ಕೂಚಂಭಟ್ಟ ಅನ್ನೋ ಗಾದೆಯೂ ಇದೆ. ಇವೆರಡೂ ತಕ್ಕಡಿಯ ಎರಡು ತಟ್ಟೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರಲೇಬೇಕು ಅಂತ ನಾವು ಅಂದುಕೊಂಡಿದ್ದೇವೆ. ನನಗೆ ಇದು ತಪ್ಪು ಅನಿಸುತ್ತದೆ. ಯಾಕೆ ಅನ್ನೋದಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಎರಡು ಘಟನೆ ಹೇಳುತ್ತೇನೆ.

ರಾಮಾನುಜನ್ 1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದವರು. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಫೇಲಾಗಿ ಡಿಗ್ರಿ ಸಿಗಲಿಲ್ಲ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾದರು, ತಿಂಗಳಿಗೆ 30 ರೂಪಾಯಿ. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದರು, 1914ರಲ್ಲಿ ಕೇಂಬ್ರಿಡ್ಜ್ ತಲುಪಿದರು. ಅಲ್ಲಿ ಅವರ ಸ್ನೇಹಿತರಾದವರು ಪ್ರಶಾಂತಚಂದ್ರ ಮಹಾಲನೋಬಿಸ್, ಆಗಿನ್ನೂ 20 ದಾಟಿದ ಹುಡುಗ. ಈ ಎರಡೂ ಘಟನೆಗಳನ್ನು ಆಮೇಲೆ ಹೇಳಿದವರೂ ಅವರೇ.

ಮೊದಲನೆಯದು ಚಳಿಯದು. ರಾತ್ರಿ ಬೆಚ್ಚಗಿರುತ್ತಾ ಅಂತ ಮಹಾಲನೋಬಿಸ್ ಕೇಳಿದರು. ಇಲ್ಲ, ತುಂಬಾ ಚಳಿ, ಓವರ್‌ಕೋಟ್ ಹಾಕಿಕೊಂಡು ಶಾಲು ಸುತ್ತಿಕೊಂಡು ಮಲಗುತ್ತೇನೆ ಅಂದರು ರಾಮಾನುಜನ್. ಕಂಬಳಿ ಕೊಟ್ಟಿಲ್ಲವೇನೋ ಅಂತ ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಬೇಕಾದಷ್ಟು ಕಂಬಳಿಗಳಿದ್ದವು. ಅಲ್ಲಿನ ಪದ್ಧತಿಯಂತೆ ಅಂಚುಗಳನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸೇರಿಸಿಟ್ಟಿದ್ದರು. ಅದನ್ನು ಬಿಡಿಸಿಕೊಂಡು ಒಳಗೆ ತೂರಿಕೊಳ್ಳಬೇಕು ಅಂತ ರಾಮಾನುಜನ್‌ಗೆ ಗೊತ್ತಿರಲಿಲ್ಲ. ಕಂಬಳಿ ಎಳೆದು ಹೀಗೆ ಅಂತ ಮಹಾಲನೋಬಿಸ್ ತೋರಿಸಿಕೊಟ್ಟರು.

ನೋಡಿ, ಕಾಮನ್ ಸೆನ್ಸ್ ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು ಅಂತ ಕೆಲವರು ಇದನ್ನು ಹೇಳುತ್ತಾರೆ. ಆದರೆ ಒಂದು ಕ್ಷಣ ಯೋಚನೆ ಮಾಡಿ. ಕುಂಭಕೋಣದಲ್ಲಿ ಯಾರ ಮನೆಯ ಹಾಸಿಗೆ ಹಾಗಿತ್ತು? ಚಾಪೆ ಹಾಸಿ ಹೊದಿಕೆ ಮೇಲೆ ಎಳೆದುಕೊಳ್ಳುವ ಊರಿನಿಂದ ಬಂದವರು ಬೇರೆ ಏನು ಮಾಡಬೇಕಿತ್ತು? ಈಗಲೂ ಮೊದಲ ಸಲ ದೊಡ್ಡ ಹೋಟೆಲಿನಲ್ಲಿ ಉಳಿದುಕೊಂಡವರು ಆ ಬಿಗಿದ ಬಿಳಿ ಹೊದಿಕೆಯನ್ನು ಮುಟ್ಟದೆ ಅದರ ಮೇಲೇ ಮಲಗಿ ಏಳುತ್ತಾರೆ. ತಿಳುವಳಿಕೆಗೆ ಊರಿದೆ, ಅಡ್ರೆಸ್ ಇದೆ. ನೀವು ಬೆಳೆದ ಜಾಗದಲ್ಲಿ ಎಲ್ಲರಿಗೂ ಗೊತ್ತಿರುವುದು ಅಷ್ಟೇ ನಿಮ್ಮ ಕಾಮನ್ ಸೆನ್ಸ್. ಜಾಗ ಬದಲಾದರೆ ಅದು ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಜೀನಿಯಸ್ ಆದರೂ ಅಷ್ಟೇ, ನಾನಾದರೂ ಅಷ್ಟೇ.

ಮದ್ರಾಸಿನಲ್ಲಿದ್ದಾಗ ಅವರಿಗೆ ಬದುಕುವ ದಾರಿ ಚೆನ್ನಾಗಿಯೇ ಗೊತ್ತಿತ್ತು. ಕಾಗದ ದುಬಾರಿ ಅಂತ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದಲೇ ಒರೆಸಿ, ಕೊನೆಗೆ ಬಂದದ್ದನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಸಹಾಯ ಮಾಡಬಲ್ಲವರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಹಾರ್ಡಿಗೆ ಬರೆದ ಪತ್ರದ ಶುರುವಿನಲ್ಲೇ ತಾನೊಬ್ಬ ಗುಮಾಸ್ತ, ಸಂಬಳ ವರ್ಷಕ್ಕೆ 20 ಪೌಂಡ್ ಮಾತ್ರ ಅಂತ ಹೇಳಿಕೊಂಡರು. ಇದೆಲ್ಲ ತಿಳುವಳಿಕೆ ಅಲ್ಲದೆ ಇನ್ನೇನು?

ಎರಡನೆಯ ಘಟನೆ ನನಗೆ ಇನ್ನೂ ಇಷ್ಟ. 1914ರ ಡಿಸೆಂಬರ್. ರಾಮಾನುಜನ್ ಕೋಣೆಯಲ್ಲಿ ಒಲೆಯ ಮೇಲೆ ತರಕಾರಿ ತಿರುವುತ್ತಿದ್ದರು. ಊಟಕ್ಕೆ ಬಂದಿದ್ದ ಮಹಾಲನೋಬಿಸ್ ಸ್ಟ್ರಾಂಡ್ ಪತ್ರಿಕೆ ತಿರುವಿ ಹಾಕುತ್ತಾ ಅದರಲ್ಲಿದ್ದ ಒಂದು ಒಗಟು ಹೇಳಿದರು. ಒಂದು ಬೀದಿ. ಮನೆಗಳಿಗೆ 1, 2, 3 ಅಂತ ಸಾಲಾಗಿ ನಂಬರ್. ಒಂದು ಮನೆಯ ಎಡಗಡೆಯ ನಂಬರ್‌ಗಳನ್ನೆಲ್ಲ ಕೂಡಿದರೆ ಬಲಗಡೆಯವುಗಳ ಮೊತ್ತಕ್ಕೆ ಸಮ. ಬೀದಿಯಲ್ಲಿ 50ಕ್ಕಿಂತ ಜಾಸ್ತಿ, 500ಕ್ಕಿಂತ ಕಡಿಮೆ ಮನೆಗಳಿವೆ. ಹಾಗಾದರೆ ಆ ಮನೆಯ ನಂಬರ್ ಎಷ್ಟು?

ಸಣ್ಣ ಬೀದಿಯಲ್ಲಿ ಮಾಡಿ ನೋಡಿ. 8 ಮನೆ ಇದ್ದರೆ ಉತ್ತರ 6. ಎಡಗಡೆ 1ರಿಂದ 5 ಕೂಡಿದರೆ 15, ಬಲಗಡೆ 7 ಮತ್ತು 8 ಕೂಡಿದರೆ 15. ಮಹಾಲನೋಬಿಸ್ ಒಂದೊಂದೇ ಸಂಖ್ಯೆ ಹಾಕಿ ನೋಡಿ ಕೆಲವೇ ನಿಮಿಷಗಳಲ್ಲಿ ಉತ್ತರ ಕಂಡುಕೊಂಡಿದ್ದರು. 288 ಮನೆಗಳ ಬೀದಿಯಲ್ಲಿ 204ನೇ ಮನೆ. ಅಪ್ಪಟ ಕಾಮನ್ ಸೆನ್ಸ್ ದಾರಿ: ಮಿತಿ ಕೊಟ್ಟಿದ್ದಾರೆ, ಅದರೊಳಗೆ ಹುಡುಕು.

ರಾಮಾನುಜನ್ ಸೌಟು ಆಡಿಸುತ್ತಲೇ ಬರೆದುಕೋ ಅಂದರು. ಅವರು ಹೇಳಿದ್ದು ಒಂದು ಮನೆಯ ನಂಬರ್ ಆಗಿರಲಿಲ್ಲ. ಒಂದರ ಕೆಳಗೆ ಒಂದು ಭಾಗಾಕಾರ ಇಳಿಯುತ್ತಾ ಹೋಗುವ ಮುಗಿಯದ ಭಿನ್ನರಾಶಿ. ಅದನ್ನು ಬಿಡಿಸಿದರೆ ಒಂದಲ್ಲ, ಆ ಒಗಟಿನ ಎಲ್ಲ ಉತ್ತರಗಳೂ ಬರುತ್ತವೆ. ಇದರ ಹಿಂದಿರುವುದು 2ರ ವರ್ಗಮೂಲಕ್ಕೆ ಹತ್ತಿರ ಹತ್ತಿರ ಹೋಗುವ ಭಿನ್ನರಾಶಿಗಳು: 3/2, 17/12, 99/70, 577/408. ಕೊನೆಯದನ್ನು ತಗೊಳ್ಳಿ. 577ರಲ್ಲಿ 1 ಕಳೆದು ಅರ್ಧ ಮಾಡಿದರೆ 288, 408ರ ಅರ್ಧ 204. ಮನೆ ಸಿಕ್ಕಿತು. 17/12ಕ್ಕೂ ಹಾಗೇ ಮಾಡಿ, ನಮ್ಮ 8 ಮತ್ತು 6 ಬರುತ್ತದೆ. ಹೇಗೆ ಹೊಳೆಯಿತು ಅಂತ ಕೇಳಿದ್ದಕ್ಕೆ ರಾಮಾನುಜನ್, ಲೆಕ್ಕ ಕೇಳಿದ ತಕ್ಷಣ ಉತ್ತರ ಇಂಥ ಭಿನ್ನರಾಶಿಯೇ ಆಗಿರಬೇಕು ಅಂತ ಗೊತ್ತಾಯಿತು, ಯಾವುದಿರಬಹುದು ಅಂತ ಕೇಳಿಕೊಂಡೆ, ಅದು ಬಂತು ಅಂದರಂತೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಬಗೆಯ ಭಿನ್ನರಾಶಿ ಹೊಸದೇನೂ ಅಲ್ಲ. ಒಗಟಿನ ಹಿಂದಿರುವ ಸಮೀಕರಣದ ಜಾತಿಯನ್ನು ನಮ್ಮ ಬ್ರಹ್ಮಗುಪ್ತ 628ರಲ್ಲೇ ಬಿಡಿಸಲು ತೊಡಗಿದ್ದ. ಹೊಸದು ಯಾವುದು ಅಂದ್ರೆ, ಬೀದಿ, ಮನೆ, ನಂಬರ್ ಅಂತ ಕೇಳಿಸಿಕೊಂಡ ಕಿವಿಗೆ ಅದರೊಳಗಿನ ಆಕಾರ ಕಂಡದ್ದು. ನಾವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ. ಅವರಿಗೆ ಆ ಪ್ರಶ್ನೆಯ ಇಡೀ ಮನೆತನವೇ ಕಂಡಿತು. ನವನವೋನ್ಮೇಷ ಅಂದ್ರೆ ಇದೇ ಅಲ್ವಾ?

ಅವರು ಮಾತ್ರ ಇದನ್ನು ತನ್ನದು ಅನ್ನಲಿಲ್ಲ. ಮನೆದೇವರಾದ ನಾಮಕ್ಕಲ್‌ನ ನಾಮಗಿರಿ ತಾಯಿ ಕೊಟ್ಟದ್ದು ಅನ್ನುತ್ತಿದ್ದರು. ರೋಮನ್ನರ ಹಳೆಯ ಅರ್ಥಕ್ಕೆ ಇದು ಎಷ್ಟು ಹತ್ತಿರ ನೋಡಿ. ಲ್ಯಾಟಿನ್ ಪದ ತನ್ನ ಊರಿನಲ್ಲಿ ಬಿಟ್ಟುಕೊಟ್ಟ ಅರ್ಥ ಕಾವೇರಿ ತೀರದಲ್ಲಿ ಜೀವಂತ ಇತ್ತು.

ಐಕ್ಯೂ ಬಗ್ಗೆಯೂ ಎರಡು ಮಾತು, ಯಾಕಂದ್ರೆ ಅಪ್ಪ ಅಮ್ಮಂದಿರು ಈಗ ಅದನ್ನು ಜಾಸ್ತಿ ನಂಬುತ್ತಿದ್ದಾರೆ. 140 ದಾಟಿದರೆ ಜೀನಿಯಸ್ ಅಥವಾ ಅದಕ್ಕೆ ಹತ್ತಿರ ಅಂತ 1916ರಲ್ಲಿ ಗೆರೆ ಎಳೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್. 1921ರಿಂದ ಅವರು ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಜಾಸ್ತಿ ಇದ್ದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡು ಅವರ ಬದುಕನ್ನು ಗಮನಿಸಿದರು. ಆಗ ಪರೀಕ್ಷೆ ಬರೆದೂ ಆಯ್ಕೆಯಾಗದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮಗುವಿನ ಹಣೆಗೆ ಒಂದು ಸಂಖ್ಯೆ ಅಂಟಿಸುವ ಮುಂಚೆ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ತಿಳುವಳಿಕೆಯನ್ನು ಪ್ರತಿಭೆಯಿಂದ ಬೇರೆ ಮಾಡದೆ ನೋಡಿದವರು ನಮ್ಮಲ್ಲೇ ಇದ್ದರು. ಕವಿಗೆ ಏನು ಬೇಕು ಅಂತ ಹೇಳುವಾಗ 11ನೇ ಶತಮಾನದ ಮಮ್ಮಟ ಮೂರನ್ನು ಒಟ್ಟಿಗೆ ಇಟ್ಟ: ಹುಟ್ಟಿನಿಂದ ಬಂದ ಶಕ್ತಿ, ನಿಪುಣತೆ, ಅಭ್ಯಾಸ. ನಿಪುಣತೆ ಎಲ್ಲಿಂದ ಬರುತ್ತದೆ? ಲೋಕ, ಶಾಸ್ತ್ರ, ಕಾವ್ಯ ಇವನ್ನು ನೋಡುವುದರಿಂದ. ಆ ಸಾಲಿನಲ್ಲಿ ಲೋಕಕ್ಕೇ ಮೊದಲ ಜಾಗ. ನಮ್ಮ ಹಳ್ಳಿಗಳಲ್ಲಿ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ಅದೂ ಇದೇ ದಿಕ್ಕಿನ ಮಾತು.

ಇನ್ನು ಒಗಟನ್ನು ಒಂದೊಂದೇ ಸಂಖ್ಯೆ ಹಾಕಿ ಬಿಡಿಸಿದ, ಕಂಬಳಿ ಬಿಡಿಸಿ ತೋರಿಸಿದ ಆ ಹುಡುಗ. 1931ರಲ್ಲಿ ಕಲ್ಕತ್ತಾದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ಅವರೇ. 1936ರಲ್ಲಿ ಅವರು ಕೊಟ್ಟ ಮಹಾಲನೋಬಿಸ್ ದೂರ ಅನ್ನುವ ಅಳತೆಯನ್ನು ಇವತ್ತಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಸಂಖ್ಯಾಶಾಸ್ತ್ರದವರು ಅವರನ್ನೂ ಜೀನಿಯಸ್ ಅಂತಲೇ ಕರೆಯುತ್ತಾರೆ.