ಗೇಜ್ ಹಾಕದೆ ಗ್ಯಾಸ್ ಸರಿಯಿದೆ ಎನ್ನಬಹುದೇ?

ಪ್ರಶ್ನೆ: ಹೊಸದಾಗಿ ಸ್ಪ್ಲಿಟ್ ಮಾದರಿಯ ಹೀಟ್ ಪಂಪ್ (ತಂಪೂ ಬಿಸಿಯೂ ಕೊಡುವ ಎಸಿ) ಹಾಕಿಸಿದ್ದೇವೆ. ಬಂದವರು ಪೈಪು ಜೋಡಿಸಿದರು, ವ್ಯಾಕ್ಯೂಮ್ ಮಾಡಿದರು (ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ಹೊರಗೆಳೆದರು), ವಾಲ್ವ್ ತೆರೆದು ಹೊರಟರು. ಗೇಜ್ ಹಾಕಿ ಗ್ಯಾಸಿನ ಪ್ರೆಶರ್ ನೋಡಲೇ ಇಲ್ಲ. ಬೇರೆಯವರನ್ನು ಕರೆಸಿ ನೋಡಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಪ್ರೆಶರ್ ನೋಡದೆ ಹೋದರು ಅನ್ನುವ ಒಂದೇ ಕಾರಣಕ್ಕೆ ಅವರ ಕೆಲಸ ಕೆಟ್ಟಿತು ಎನ್ನಲಾಗದು. ನೀವು ಕೇಳಬೇಕಾದದ್ದು ಗ್ಯಾಸಿನ ತೂಕ.

ಔಟ್‌ಡೋರ್ ಯೂನಿಟ್ ಕಾರ್ಖಾನೆಯಿಂದಲೇ ಗ್ಯಾಸ್ ತುಂಬಿಸಿಕೊಂಡು ಬಂದಿರುತ್ತದೆ. ಎಷ್ಟು ತುಂಬಿದೆ ಎಂಬುದು ಅದರ ನೇಮ್‌ಪ್ಲೇಟ್ ಮೇಲಿದೆ. ಅಷ್ಟು ಗ್ಯಾಸ್ ಎಷ್ಟು ಉದ್ದದ ಪೈಪಿಗೆ ಸಾಕು, ಅದಕ್ಕಿಂತ ಉದ್ದವಾದರೆ ಮೀಟರಿಗೆ ಎಷ್ಟು ಗ್ರಾಂ ಸೇರಿಸಬೇಕು ಎಂಬುದು ಅಳವಡಿಕೆಯ ಕೈಪಿಡಿಯಲ್ಲಿದೆ. ಕೈಪಿಡಿ 5 ಮೀಟರ್‌ವರೆಗೆ ಸಾಕು, ಆಮೇಲೆ ಮೀಟರಿಗೆ 20 ಗ್ರಾಂ ಎನ್ನುತ್ತದೆ ಎಂದುಕೊಳ್ಳಿ. ನಿಮ್ಮ ಪೈಪು 12 ಮೀಟರ್ ಇದ್ದರೆ ಉಳಿದ 7 ಮೀಟರಿಗೆ 140 ಗ್ರಾಂ ಸೇರಬೇಕು. ಒಂದು ಕಿಲೋ ಗ್ಯಾಸಿನ ಯಂತ್ರಕ್ಕೆ ಅದು ಸಣ್ಣ ಮೊತ್ತವಲ್ಲ. ಉದ್ದ ಎಂದರೆ ಒಂದು ಕಡೆಯದು ಮಾತ್ರ. ದಪ್ಪ ಪೈಪು, ಸಣ್ಣ ಪೈಪು ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗ್ಯಾಸ್ ಹೆಚ್ಚಾಗಿಬಿಡುತ್ತದೆ. ಹೀಗೆ ಸೇರಿಸುವಾಗ ಸಿಲಿಂಡರ್ ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ ಕೂತಿರಬೇಕು. ಕೈಯಲ್ಲಿ ಸಿಲಿಂಡರ್ ಹಿಡಿದು ಅಂದಾಜಿನಲ್ಲಿ ಬಿಟ್ಟರೆ ಅದನ್ನು ಚಾರ್ಜಿಂಗ್ ಎನ್ನಲು ನನಗೆ ಮನಸ್ಸಿಲ್ಲ.

ಪ್ರೆಶರ್ ಯಾಕೆ ಸಾಲದು? ಯಂತ್ರ ನಿಂತಿರುವಾಗ ಒಳಗೆ ದ್ರವವೂ ಆವಿಯೂ ಜೊತೆಗಿರುತ್ತವೆ. ಒಂದಿಷ್ಟು ದ್ರವ ಇರುವವರೆಗೂ ಪ್ರೆಶರ್ ನಿರ್ಧಾರವಾಗುವುದು ಉಷ್ಣಾಂಶದಿಂದ, ಪ್ರಮಾಣದಿಂದಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್-32 ಎಂಬ ಗ್ಯಾಸ್ ಗೇಜಿನಲ್ಲಿ ಸುಮಾರು 230 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಸಿಲಿಂಡರಿನಲ್ಲಿ ಒಂದು ಕಿಲೋ ಇದ್ದರೂ ಅಷ್ಟೇ, ಒಂಬತ್ತು ಕಿಲೋ ಇದ್ದರೂ ಅಷ್ಟೇ. ಯಂತ್ರ ಓಡುವಾಗ ಇನ್ನೊಂದು ತೊಡಕು: ಇನ್ವರ್ಟರ್ ಕಂಪ್ರೆಸರ್ ತನ್ನ ವೇಗವನ್ನು, ಎಲೆಕ್ಟ್ರಾನಿಕ್ ವಾಲ್ವ್ ತನ್ನ ತೆರಪನ್ನು ಬದಲಿಸುತ್ತಲೇ ಇರುತ್ತವೆ. ಗ್ಯಾಸ್ ಸ್ವಲ್ಪ ಕಡಿಮೆಯಿದ್ದರೂ ಅವು ಸರಿದೂಗಿಸಿ ಮುಳ್ಳನ್ನು ಮಾಮೂಲಿ ಜಾಗದಲ್ಲೇ ನಿಲ್ಲಿಸಬಲ್ಲವು.

ಸಣ್ಣ ಸ್ಪ್ಲಿಟ್‌ಗಳಲ್ಲಿ ಸಾಮಾನ್ಯವಾಗಿ ಗೇಜ್ ಸಿಕ್ಕಿಸುವ ಸರ್ವಿಸ್ ಪೋರ್ಟ್ ಒಂದೇ, ಅದೂ ದಪ್ಪ ಪೈಪಿನ ಮೇಲೆ. ತಂಪಿನ ಮೋಡಿನಲ್ಲಿ ಅದು ಕಡಿಮೆ ಒತ್ತಡದ ಬದಿ. ಬಿಸಿಯ ಮೋಡಿಗೆ ತಿರುಗಿದ ಕೂಡಲೇ ಅದೇ ಪೈಪಿನಲ್ಲಿ ಕಂಪ್ರೆಸರಿನಿಂದ ಹೊರಟ ಬಿಸಿ ಆವಿ ಹೆಚ್ಚಿನ ಒತ್ತಡದಲ್ಲಿ ಹರಿಯುತ್ತದೆ. ಚಳಿಗಾಲದಲ್ಲಿ ಬಂದು ನೀಲಿ ಗೇಜ್ (ಕಡಿಮೆ ಒತ್ತಡ ಅಳೆಯುವುದು) ಸಿಕ್ಕಿಸಿ 'ಪ್ರೆಶರ್ ಜಾಸ್ತಿ ಇದೆ, ಗ್ಯಾಸ್ ಹೊರಗೆ ಬಿಡೋಣ' ಎಂದರೆ ಒಪ್ಪಬೇಡಿ. ಅಲ್ಲದೆ ಗೇಜ್ ಹಾಕಿ ತೆಗೆದಾಗಲೆಲ್ಲ ಹೋಸಿನೊಳಗಿನ ಗ್ಯಾಸ್ ಸ್ವಲ್ಪ ಹೋಗುತ್ತದೆ. ಕಡಿಮೆ ಗ್ಯಾಸಿನ ಯಂತ್ರಕ್ಕೆ ಅದೂ ನಷ್ಟವೇ.

ದೊಡ್ಡ ಯಂತ್ರಗಳಲ್ಲಿ ಲಿಕ್ವಿಡ್ ಲೈನಿಗೆ (ದ್ರವ ಹರಿಯುವ ಸಣ್ಣ ಪೈಪಿಗೆ) ಪೋರ್ಟ್ ಇದ್ದು, ದ್ರವದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಒಳಗಿನ ಯೂನಿಟ್ಟಿನಲ್ಲಿದ್ದರೆ ತಂಪಿನ ಮೋಡಿನಲ್ಲಿ ಸಬ್‌ಕೂಲಿಂಗ್ (ದ್ರವವಾದ ಮೇಲೂ ಗ್ಯಾಸ್ ಎಷ್ಟು ಡಿಗ್ರಿ ತಣಿದಿದೆ ಎಂಬುದು) ಅಳೆಯಬಹುದು. ಲಿಕ್ವಿಡ್ ಲೈನಿನ ಪ್ರೆಶರಿಗೆ ಹೊಂದುವ ಉಷ್ಣಾಂಶ 40 ಡಿಗ್ರಿ, ಪೈಪಿನ ಮೈ ಮೇಲೆ ಅಳೆದದ್ದು 34 ಎಂದಾದರೆ ಸಬ್‌ಕೂಲಿಂಗ್ 6 ಡಿಗ್ರಿ. ಅದನ್ನು ತಯಾರಕರು ಹೇಳಿದ ಅಂಕಿಯ ಜೊತೆ ಹೋಲಿಸಬೇಕು. ಅದಕ್ಕೂ ಮೊದಲು ಫಿಲ್ಟರ್ ಶುಚಿಯಾಗಿರಬೇಕು, ಫ್ಯಾನ್ ಪೂರ್ತಿ ಓಡುತ್ತಿರಬೇಕು. ಬಿಸಿಯ ಮೋಡಿನಲ್ಲಿ ಕಟ್ಟಿಕೊಂಡ ಫಿಲ್ಟರ್ ಒಂದೇ ಸಾಕು, ಗ್ಯಾಸ್ ಹೆಚ್ಚಾದಂತೆಯೇ ಪ್ರೆಶರ್ ಏರುತ್ತದೆ.

ತೂಕದಷ್ಟೇ ಮುಖ್ಯವಾದದ್ದು ವ್ಯಾಕ್ಯೂಮ್. ಪಂಪು ಎಷ್ಟು ಹೊತ್ತು ಓಡಿತು ಎಂದು ಕೇಳಿ ಪ್ರಯೋಜನವಿಲ್ಲ, ಎಷ್ಟು ಮೈಕ್ರಾನಿಗೆ (ಉಳಿದ ಒತ್ತಡದ ಅತಿ ಸಣ್ಣ ಅಳತೆ) ಇಳಿಯಿತು ಎಂದು ಕೇಳಿ. 500 ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು, ಪಂಪನ್ನು ಬೇರ್ಪಡಿಸಿದ ಮೇಲೂ ಅಂಕಿ ಹೆಚ್ಚು ಏರಬಾರದು. ಏರಿ ಒಂದು ಕಡೆ ನಿಂತರೆ ಒಳಗೆ ತೇವಾಂಶ ಉಳಿದಿರುವ ಸೂಚನೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಇದನ್ನು ಮುಳ್ಳಿನ ಗೇಜಿನಲ್ಲಿ ನೋಡಲಾಗದು, ಮೈಕ್ರಾನ್ ಗೇಜೇ ಬೇಕು.

ಹಾಗಾಗಿ ಅಳವಡಿಸಿದವರಿಗೆ ಫೋನ್ ಮಾಡಿ ಪೈಪಿನ ಉದ್ದ, ಸೇರಿಸಿದ ಗ್ರಾಂ, ವ್ಯಾಕ್ಯೂಮಿನ ಅಂಕಿ ಇಷ್ಟನ್ನು ಬರೆಸಿಕೊಳ್ಳಿ. ಉದ್ದ ಕೈಪಿಡಿಯ ಮಿತಿಯೊಳಗಿದ್ದರೆ ಸೇರಿಸಿದ್ದು ಸೊನ್ನೆ ಎಂಬ ಉತ್ತರವೂ ಸರಿಯೇ. ಅಂಕಿಗಳು ಹೊಂದಿ, ಯಂತ್ರ ಚೆನ್ನಾಗಿ ಓಡುತ್ತಿದ್ದರೆ ಅದನ್ನು ಮುಟ್ಟಬೇಡಿ.

ಗ್ಯಾಸ್ ಬಳಸಿದಂತೆ ಖರ್ಚಾಗುವ ವಸ್ತುವಲ್ಲ. ಕೆಲವೇ ತಿಂಗಳಲ್ಲಿ 'ಕಡಿಮೆಯಾಗಿದೆ, ಸ್ವಲ್ಪ ಹಾಕೋಣ' ಎಂಬ ಮಾತು ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮೊದಲ ಅನುಮಾನ ಪೈಪಿನ ತುದಿಗಳನ್ನು ಜೋಡಿಸುವ ಫ್ಲೇರ್ ನಟ್‌ಗಳ ಮೇಲಿರಲಿ. ಆಗ ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಹೊರತೆಗೆದು ತೂಗಿ, ಸೋರಿಕೆ ಮುಚ್ಚಿ, ನೈಟ್ರೋಜನ್‌ನಲ್ಲಿ ಪರೀಕ್ಷಿಸಿ, ಮತ್ತೆ ವ್ಯಾಕ್ಯೂಮ್ ಮಾಡಿ, ನೇಮ್‌ಪ್ಲೇಟಿನ ಅಂಕಿಗೆ ಪೈಪಿನ ಲೆಕ್ಕ ಸೇರಿಸಿ ಪೂರ್ತಿ ತೂಕದಷ್ಟನ್ನು ಹೊಸದಾಗಿ ತುಂಬಿಸಬೇಕು.